ಒಂದು ಮಟ್ಟಿಗೆ ಬಿಸಿಯಾದ ಮರಳು

ಕೊಟ್ಟೂರಿನ ಟೈಪಿಂಗ್ ಮರುಳಪ್ಪನಿಗೆ ಇಂಗ್ಲಿಷ್ ಬರುತ್ತದೆಯೋ ಇಲ್ಲವೋ ಎಂದು ಊರಿನಲ್ಲಿ ಯಾರೂ ಕೇಳಿದವರಲ್ಲ. ಸುತ್ತಲ ನಾಕು ತಾಲ್ಲೂಕಿನ ಇಂಗ್ಲಿಷೆಲ್ಲ ಅವನ ಹತ್ತು ಬೆರಳಿನಿಂದಲೇ ಉದುರುತ್ತಿದ್ದಾಗ ಅಂಥ ಮಾತು ಕೇಳುವುದು, ಬಾವಿಗೆ ನೀರಡಿಕೆ ಆಗ್ತದೇನು ಅಂತ ಕೇಳಿದ ಹಾಗೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪೇಪರನ್ನು ಅವನು ದಾಟಿದ್ದು ಮೂರನೇ ಸಲಕ್ಕೆ. ಆದರೆ ದಾಟಿದವನು ದಾಟಿದವನೇ. ಹೊಳೆ ದಾಟಿ ಬಂದವನನ್ನು ನಡುವೆ ಎಷ್ಟು ಸಲ ಮುಳುಗಿದಿ ಅಂತ ಯಾರು ವಿಚಾರಿಸುತ್ತಾರೆ.

ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗಾದೆಪ್ಪನ ಚಹಾದ ಹೋಟೆಲಿನ ಎದುರಿಗೆ ಅವನ ಅಂಗಡಿ. ಒಂದು ಟೈಪ್ ಮಷಿನ್ನು, ಒಂದು ಸ್ಟೂಲು, ಬಂದವರಿಗೆ ಒಂದು ಬೆಂಚು. ಮೊದಮೊದಲು ಅವನು ಹೊಡೆಯುತ್ತಿದ್ದದ್ದು ಕೂಡ್ಲಿಗಿ ತಹಸೀಲ್ದಾರರಿಗೆ ಅರ್ಜಿ, ವಕೀಲರ ನೋಟೀಸು, ಇಷ್ಟೇ. ಆಮೇಲೆ ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಕಾಲೇಜು ಮಾಸ್ತರರು ಪಿಎಚ್‌ಡಿ ಮಾಡುವ ಹವ್ಯಾಸ ಹಚ್ಚಿಕೊಂಡರು. ಅವರ ಥೀಸಿಸ್ಸುಗಳು ಕೈಚೀಲದಲ್ಲಿ ಕುಳಿತು ಮರುಳಪ್ಪನ ಬೆಂಚಿಗೆ ಬಂದವು. ತೊಂಬತ್ತಾರನೇ ಇಸವಿಯ ಹೊತ್ತಿಗೆ ಅವನು ಹನ್ನೊಂದು ಥೀಸಿಸ್ಸು ಹೊಡೆದು ಮುಗಿಸಿದ್ದ. ಒಂದೊಂದನ್ನೂ ಕಾರ್ಬನ್ ಇಟ್ಟು ನಾಕು ನಾಕು ಪ್ರತಿ.

ಹನ್ನೊಂದು ಥೀಸಿಸ್ಸು ಬೆರಳಿನ ಮೂಲಕ ಹರಿದು ಹೋದ ಮೇಲೆ ಮನುಷ್ಯ ಹಿಂದಿನ ಮನುಷ್ಯನಾಗಿ ಉಳಿಯುವುದಿಲ್ಲ. ಮರುಳಪ್ಪನಿಗೆ ವಿದ್ವಾಂಸರ ಶಬ್ದಗಳ ಮೇಲೆ ಮೋಹ ಬಂತು. ಎಲ್ಲದರ ಅರ್ಥ ಅವನಿಗೆ ಗೊತ್ತಿರಲಿಲ್ಲ, ನಡತೆ ಗೊತ್ತಿತ್ತು. ಯಾವ ಶಬ್ದ ಯಾರ ಪಕ್ಕ ಕೂಡುತ್ತದೆ, ಯಾವುದು ಮೊದಲು ಎದ್ದು ಬರುತ್ತದೆ, ಯಾವುದರ ಮುಂದೆ ಅಲ್ಪವಿರಾಮ ಕೈಮುಗಿದು ನಿಲ್ಲುತ್ತದೆ, ಎಲ್ಲ ಗೊತ್ತು. ಮಧ್ಯಾಹ್ನ ರೊಟ್ಟಿ ಉಂಡು ಬಂದು ಮಷಿನ್ನಿನ ಮುಂದೆ ಕೂತರೆ ಭಟ್ಟಿ ಓಣಿಯಿಂದ ಕಾದ ಮರಳಿನಲ್ಲಿ ಮಂಡಕ್ಕಿ ಹುರಿಯುವ ಹೊಗೆ ತೇಲಿ ಬರುತ್ತಿತ್ತು. ಆ ಹೊಗೆಯೊಳಗೆ ಅವನ ಕಣ್ಣು ಅರ್ಧ ಮುಚ್ಚುತ್ತಿದ್ದವು, ಬೆರಳು ಮಾತ್ರ ನಡೆಯುತ್ತಿದ್ದವು. ಆಗ ಶಬ್ದಗಳು ಒಬ್ಬೊಬ್ಬರಾಗಿ ಬಾಗಿಲಿಗೆ ಬರುತ್ತಿದ್ದವು.

'ಹಿದರ್ಟು', ಅಂದರೆ ಈವರೆಗೆ, ಬರುತ್ತಿದ್ದದ್ದು ಉಜ್ಜಿನಿಯಿಂದ ಕಾಲ್ನಡಿಗೆಯಲ್ಲಿ ಬಂದ ಹಿರಿಯ ಕಾಕನ ಹಾಗೆ, ಕೋಲು ಊರಿಕೊಂಡು. 'ನಾಟ್‌ವಿತ್‌ಸ್ಟ್ಯಾಂಡಿಂಗ್' ಅಂದರೆ 'ಇದ್ದಾಗ್ಯೂ', ಬೀಗರ ಕಡೆಯ ಗೌಡರು. ಎಷ್ಟು ಉದ್ದ ಎಂದರೆ ರುಮಾಲು ಬಗ್ಗಿಸದೆ ಬಾಗಿಲೊಳಗೆ ಬರುವ ಹಾಗೇ ಇಲ್ಲ. 'ಪ್ಯಾರಡೈಮ್' ಕರಿ ಕನ್ನಡಕದ ಅಳಿಯ. ಅವನು ಏನು ಕೆಲಸ ಮಾಡುತ್ತಾನೆಂದು ಯಾರಿಗೂ ತಿಳಿಯದು, ಆದರೆ ಬಂದ ಕೂಡಲೇ ಎಲ್ಲರೂ ಕುರ್ಚಿ ಬಿಡುತ್ತಾರೆ. ಇವರೆಲ್ಲರಿಗಿಂತ ಮರುಳಪ್ಪನಿಗೆ ಜೀವವೆಂದರೆ ಒಂದು ಮುದಿ ದಂಪತಿ. ಗಂಡ 'ಇಟ್ ಮೇ ಬಿ ಆರ್ಗ್ಯೂಡ್', ಅಂದರೆ ಹೀಗೆಂದು ವಾದಿಸಬಹುದು. ಹೆಂಡತಿ 'ಟು ಎ ಸರ್ಟನ್ ಎಕ್ಸ್‌ಟೆಂಟ್', ಅಂದರೆ ಒಂದು ಮಟ್ಟಿಗೆ. ಇವರಿಬ್ಬರು ಬಂದು ಕೂತ ಪಂಕ್ತಿಯಲ್ಲಿ ಜಗಳವೇ ಹುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಯಾರೂ ಏನನ್ನೂ ಹೇಳಿರುವುದಿಲ್ಲ.

ಒಂದು ಸಂಜೆ ಈ ದಂಪತಿಯ ಮಹಿಮೆಯನ್ನು ಅವನು ಹೆಂಡತಿ ಎರ್ರಮ್ಮನಿಗೆ ಬಿಡಿಸಿ ಹೇಳಿದ. ಎರ್ರಮ್ಮ ಅವರೆಕಾಯಿ ಸುಲಿಯುತ್ತ ಕೇಳಿಸಿಕೊಂಡಳು.

"ಇದು ನಾವು ಒಡಪು ಹೇಳಿದಂಗ ಆತಲ್ರಿ," ಅಂದಳು. "ಗಂಡನ ಹೆಸರು ಬಾಯಿ ಬಿಟ್ಟು ಹೇಳಬಾರದು ಅಂತ ಊರೆಲ್ಲ ಸುತ್ತಿ ಬರ್ತೀವಿ. ಬಾಣಲ್ಯಾಗ ಮರಳು, ಉಂಗುರದಾಗ ಹರಳು, ಮರುಳಪ್ಪನ ಹೆಸರು ಹೇಳೀನಿ, ಬಿಡ್ರಿ ಬಾಗಿಲು. ನಿಮ್ಮ ಪಿಎಚ್‌ಡ್ಯಾವ್ರೂ ಅದನ್ನ ಮಾಡ್ತಾರ. ನಾವು ಕಡೀಕಾದ್ರೂ ಹೆಸರು ಹೇಳ್ತೀವಿ. ಅವರು ಹೇಳ್ತಾರೋ ಇಲ್ಲೋ?"

ವಿದ್ಯೆಯ ವಿಷಯವನ್ನು ಅವರೆಕಾಯಿಯ ಮುಂದೆ ಎತ್ತಿದ್ದೇ ತಪ್ಪಾಯಿತು ಅಂದುಕೊಂಡ ಮರುಳಪ್ಪ.

ಅವನದೊಂದು ಸ್ವಂತ ಸಂಶೋಧನೆಯೂ ಇತ್ತು. ಹನ್ನೊಂದು ಥೀಸಿಸ್ಸಿನಲ್ಲಿ ಹತ್ತಕ್ಕೆ ಡಾಕ್ಟರೇಟು ಬಂದು ಒಂದು ಮಾತ್ರ ತಿರುಗಿ ಬಂದಿತ್ತು. ಬೇರೆಯವರಾಗಿದ್ದರೆ ಅದರ ವಿಷಯ ಸರಿ ಇಲ್ಲವೇನೋ ಎಂದುಕೊಳ್ಳುತ್ತಿದ್ದರು. ಮರುಳಪ್ಪ ಹನ್ನೊಂದರ ಕಾರ್ಬನ್ ಪ್ರತಿಗಳನ್ನೂ ಮುಂದಿಟ್ಟುಕೊಂಡು ಭಾರದ ಶಬ್ದ ಎಣಿಸಿದ. ಪಾಸಾದ ಹತ್ತರಲ್ಲಿ ಪುಟಕ್ಕೆ ಐದಕ್ಕೆ ಕಡಿಮೆ ಇರಲಿಲ್ಲ. ತಿರುಗಿ ಬಂದದ್ದರಲ್ಲಿ ಪುಟಕ್ಕೆ ಒಂದು, ಒಂದೊಂದು ಪುಟ ಪೂರಾ ಖಾಲಿ. ವಿಶ್ವವಿದ್ಯಾಲಯದವರು ತೂಕ ಹಾಕುತ್ತಾರೆಂಬುದು ಅವತ್ತು ಖಚಿತವಾಯಿತು. ಈ ಗುಟ್ಟನ್ನು ಅವನು ಯಾರಿಗೂ ಹೇಳಲಿಲ್ಲ. ದೊಡ್ಡ ಸತ್ಯಗಳನ್ನು ಕಂಡವರು ಮೊದಲು ಸುಮ್ಮನಿರುತ್ತಾರೆ.

ಹೀಗಿರುವಾಗ ಹನ್ನೆರಡನೇ ಥೀಸಿಸ್ಸು ಬಂತು, ಮನೆಯೊಳಗಿನದೇ.

ಎರ್ರಮ್ಮನ ತಮ್ಮ ಪ್ರವೀಣಕುಮಾರ್ ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಹಂಗಾಮಿ ಮಾಸ್ತರ. ಜೂನ್ ತಿಂಗಳೊಳಗೆ ಡಾಕ್ಟರೇಟು ತಂದರೆ ಕೆಲಸ ಕಾಯಂ, ಇಲ್ಲವಾದರೆ ಜಾಗ ಬಿಡು ಎಂದು ಆಡಳಿತದವರು ಹೇಳಿಬಿಟ್ಟಿದ್ದರು. ಅವನ ವಿಷಯ ಕೊಟ್ಟೂರಿನ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಜೀವನ. ಆರು ತಿಂಗಳು ಅವನು ಭಟ್ಟಿಯ ಮುಂದೆ ಗೋಣಿಚೀಲದ ಮೇಲೆ ಕೂತು, ಹಿರಿಯ ಹುರಿಯುವಾಕೆ ಅಂಜಿನಕ್ಕ ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದ. ಕಂಡದ್ದನ್ನು ಕಂಡ ಹಾಗೆ ಬರೆಯುವ ಗುಣ ಅವನದು. ಆರುನೂರು ಹಾಳೆ ಕೈಬರಹ ತಂದು, "ಮಾವ, ಬುಧವಾರ ಕಡೀ ದಿನ," ಎಂದು ಬೆಂಚಿನ ಮೇಲಿಟ್ಟು ಹೋದ. ಅವತ್ತು ಶುಕ್ರವಾರ.

ಮರುಳಪ್ಪ ಮೊದಲ ಹಾಳೆ ತೆಗೆದ. ಇಂಗ್ಲಿಷಿನಲ್ಲಿ ಹೀಗಿತ್ತು: ಮರಳು ಬಿಸಿ ಇರುತ್ತದೆ. ಹೆಂಗಸರು ಬೆಳಗ್ಗೆ ಐದಕ್ಕೆ ಬರುತ್ತಾರೆ. ಹೊಗೆಯಿಂದ ಕಣ್ಣು ಉರಿಯುತ್ತವೆ. ಅಂಜಿನಕ್ಕನಿಗೆ ಮೂವರು ಮಕ್ಕಳು.

ಎರಡನೇ ಹಾಳೆ ತೆಗೆದ, ನೂರನೇ ಹಾಳೆ ತೆಗೆದ. ಎಲ್ಲೂ ಒಬ್ಬ ಹಿರಿಯ ಶಬ್ದ ಕೂತಿರಲಿಲ್ಲ. ಹಿದರ್ಟು ಇಲ್ಲ, ಗೌಡರು ಇಲ್ಲ, ಮುದಿ ದಂಪತಿಯ ಸುಳಿವೇ ಇಲ್ಲ. ಮದುಮಗ ಬರೀ ಬನೀನಿನಲ್ಲಿ ಹಸೆಮಣೆಗೆ ಹೊರಟು ನಿಂತಿದ್ದಾನೆ, ಯಾರೂ ನೋಡಿಲ್ಲ, ತಾನೊಬ್ಬನೇ ನೋಡಿದ್ದಾನೆ. ಹೇಳಿದರೆ ಹುಡುಗ ನೊಂದುಕೊಂಡಾನು. ಹೇಳದಿದ್ದರೆ ಕೆಲಸ ಹೋದೀತು. ಸಂಬಂಧಿಕನಾದವನು ಇಂಥ ಹೊತ್ತಿಗೆ ಏನು ಮಾಡಬೇಕೋ ಅದನ್ನೇ ಮರುಳಪ್ಪ ಮಾಡಿದ. ತನ್ನ ಪೆಟ್ಟಿಗೆಯ ಅಂಗಿ, ಕೋಟು, ರುಮಾಲು ಎಲ್ಲ ತೆಗೆದು ತೊಡಿಸಲು ಕೂತ.

ನಾಕು ದಿನ ಮಷಿನ್ನಿನ ಗಂಟೆ ಓಣಿಯಲ್ಲಿ ನಿಲ್ಲಲಿಲ್ಲ. ಭಟ್ಟಿಯ ಹೊಗೆ ಬಂದು ಹೋಯಿತು, ಗಾದೆಪ್ಪನ ಚಹಾ ಬಂದು ಆರಿತು. ಮರುಳಪ್ಪ ಕನಸಿನಲ್ಲಿದ್ದವನ ಹಾಗೆ ಹೊಡೆಯುತ್ತ ಹೋದ. ಮರಳು, ಒಂದು ಮಟ್ಟಿಗೆ, ಬಿಸಿ ಇರುತ್ತದೆ ಎಂದು ವಾದಿಸಬಹುದು. ಹೊಗೆ ಇದ್ದಾಗ್ಯೂ ಕಣ್ಣು ಉರಿಯುತ್ತವೆ. ಹೆಂಗಸರು, ಈವರೆಗೆ, ಐದಕ್ಕೆ ಬರುತ್ತಾರೆ. ಅಂಜಿನಕ್ಕನಿಗೆ, ಒಂದು ಮಟ್ಟಿಗೆ, ಮೂವರು ಮಕ್ಕಳಿದ್ದಾರೆ ಎಂದು ವಾದಿಸಬಹುದು. ಹಾಳೆಗಳು ಮಂಡಕ್ಕಿಯ ಹಾಗೆ ಹಗುರಾಗಿ ಒಂದರ ಮೇಲೊಂದು ಬಿದ್ದು ರಾಶಿಯಾದವು. ಮಂಗಳವಾರ ಸಂಜೆ ರಾಶಿಯನ್ನು ಕಣ್ತುಂಬ ನೋಡಿದಾಗ ಅವನಿಗೆ ಕಣ್ಣೀರು ಬಂತು. ಹೊಗೆ ಇದ್ದಾಗ್ಯೂ.

ಬುಧವಾರ ಪ್ರವೀಣಕುಮಾರ್ ಓಡುತ್ತ ಬಂದ. ಓದುವ ವ್ಯವಧಾನವೆಲ್ಲಿ, ಸಹಿ ಹಾಕಬೇಕಾದಲ್ಲಿ ಸಹಿ ಹಾಕಿ, ನಾಕು ಪ್ರತಿಗಳನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ಬಸ್ಸಿನಲ್ಲಿ ಮೊದಲ ಪುಟ ಓದಿದ. ಅರ್ಧ ಅರ್ಥವಾಗಲಿಲ್ಲ. ಇಷ್ಟು ಆಳವಾಗಿ ಬರೆದಿದ್ದೇನಲ್ಲ ಎಂದು ಅವನಿಗೇ ಬೆರಗಾಯಿತು. ಆ ತೃಪ್ತಿಯಲ್ಲಿ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದ.

ಎರಡು ತಿಂಗಳು ಕಳೆದು, ಏಪ್ರಿಲ್ ಬಿಸಿಲಿನಲ್ಲಿ, ವಿಶ್ವವಿದ್ಯಾಲಯದಿಂದ ಕಾಗದ ಬಂತು. ಆ ಕಾಗದ ಹಿಡಿದುಕೊಂಡು ಪ್ರವೀಣಕುಮಾರ್ ಅಂಗಡಿಗೆ ಬಂದಾಗ ಅವನ ಮುಖ ನೆನೆ ಹಾಕಿದ ಭತ್ತದ ಹಾಗೆ ಊದಿತ್ತು. ಥೀಸಿಸ್ಸು ನೋಡಿದ ಪರೀಕ್ಷಕರು ದೂರದೂರಿನ ಹಿರಿಯ ಪ್ರೊಫೆಸರು. ಅವರು ಬರೆದದ್ದರ ತಾತ್ಪರ್ಯ ಇಷ್ಟು: ವಿದ್ಯಾರ್ಥಿಯು ಮುನ್ನೂರ ಹದಿನೆಂಟು ಕಡೆ 'ಹೀಗೆಂದು ವಾದಿಸಬಹುದು' ಎಂದಿದ್ದಾರೆ. ಎದುರುವಾದ ಏನೆಂದು ಒಂದು ಕಡೆಯೂ ಹೇಳಿಲ್ಲ. ಕಾರಣ ತಾವೇ ಮುಂದಿನ ಸೋಮವಾರ ಕೊಟ್ಟೂರಿಗೆ ಬಂದು, ಭಟ್ಟಿಯ ಮುಂದೆಯೇ, ಎರಡೂ ಕಡೆಯವರನ್ನು ಕೇಳಿ ತೀರ್ಮಾನ ಕೊಡುವುದಾಗಿ.

"ಮಾವ, ಇದನ್ನ ನಾ ಬರದಿಲ್ಲ," ಅಂದ ಪ್ರವೀಣಕುಮಾರ್.

"ಬರದಾವ ನೀನಾ. ನಾ ಬರೇ ಅಂಗಿ ತೊಡಿಸೀನಿ."

ಅಂಗಿಯ ಕಥೆ ಪೂರ್ತಿ ಕೇಳಿದ ಮೇಲೆ ಹುಡುಗ ಬೆಂಚಿನ ಮೇಲೆ ಕೂತ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾನು ಓದದೆ ಸಹಿ ಹಾಕಿದೆ ಎಂದರೆ ಡಾಕ್ಟರೇಟೂ ಹೋಯಿತು, ಕಾಲೇಜೂ ಹೋಯಿತು. ಹಾಗೆನ್ನದಿದ್ದರೆ ಮುನ್ನೂರ ಹದಿನೆಂಟು ಎದುರುವಾದ ತರಬೇಕು. ಮೊದಲನೆಯದೇ ಮರಳು. "ಮರಳು ಬಿಸಿ ಇಲ್ಲ ಅಂತ ವಾದ ಮಾಡಾವ್ರನ್ನ ಎಲ್ಲಿಂದ ತರ್ಲಿ ಮಾವ," ಅಂದ.

ಮರುಳಪ್ಪ ಎದ್ದು ನಿಂತು ಟೈಪ್ ಮಷಿನ್ನಿಗೆ ಮುಸುಕು ಹಾಕಿದ. ಮದುವೆಯಲ್ಲಿ ಅಕ್ಕಿ ಕಡಿಮೆ ಬಿದ್ದಾಗ ಹಿರಿಯರು ಎದ್ದು ಹೋಗುವ ಗಾಂಭೀರ್ಯದಲ್ಲಿ ಅವನು ವಾದಿ ಹುಡುಕಲು ಹೊರಟ.

ಮೊದಲು ಎದುರಿನ ಹೋಟೆಲು. ಗಾದೆಪ್ಪನನ್ನು ಪಕ್ಕಕ್ಕೆ ಕರೆದು, ಭಟ್ಟಿಯ ಮರಳು ಅಷ್ಟೇನೂ ಬಿಸಿಯಲ್ಲ ಎಂದು ಸೋಮವಾರ ಒಂದು ಮಾತು ಹೇಳಬೇಕೆಂದು ಕೇಳಿದ. ಗಾದೆಪ್ಪ, "ಬಿಸಿಲು ಹತ್ತೈತಿ ನಿನಗ, ಮಜ್ಜಿಗಿ ಕುಡಿ," ಎಂದು ಲೋಟ ಕೊಟ್ಟ. ಮಜ್ಜಿಗೆ ಕುಡಿಯುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಬಸ್‌ ಸ್ಟ್ಯಾಂಡು ಮುಟ್ಟುವ ಹೊತ್ತಿಗೆ, ಮರಳು ಬಿಸಿ ಇದೆಯೋ ಇಲ್ಲವೋ ನೋಡಲು ಸರ್ಕಾರ ಒಬ್ಬ ಆಫೀಸರನ್ನು ಕಳಿಸುತ್ತಿದೆ, ಬಿಸಿ ಇಲ್ಲದ ಭಟ್ಟಿ ಮುಚ್ಚಿಸುತ್ತಾರಂತೆ, ಎಂದು ಅದು ಮೈತುಂಬಿಕೊಂಡಿತ್ತು.

ಆಮೇಲೆ ಭಟ್ಟಿ. ಅಂಜಿನಕ್ಕ ಒಣಗಿದ ಅಕ್ಕಿಗೆ ಉಪ್ಪುನೀರು ಚಿಮುಕಿಸುತ್ತಿದ್ದಳು. ಮರುಳಪ್ಪ ಆದಷ್ಟು ಸುತ್ತಿ ಬಳಸಿ ವಿಷಯ ತಿಳಿಸಿದ. ಮರಳಿನ ಮಾತನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಪಟ್ಟು ಹಿಡಿದು ಕೂತದ್ದು ಮಕ್ಕಳ ಮಾತಿಗೆ.

"ನನಗ ಮೂರು ಮಕ್ಳು ಅದಾವು ಅನ್ನೋದರಾಗ ವಾದ ಏನೈತಿ?" ಅಂದಳು. "ಹೆತ್ತಾಕಿ ನಾನು. ಈ ವಾದ ಮಾಡಾವ ಹಡಿಯೋ ಹೊತ್ನ್ಯಾಗ ಎಲ್ಲಿದ್ದ? ಬರ್ಲಿ, ಮೂರನ್ನೂ ಸಾಲಾಗಿ ನಿಂದ್ರಸ್ತೀನಿ. ಒಂದು ಮಟ್ಟಿಗೆ ಅಂತೀಯಲ್ಲ, ಯಾವ ಮಗನ್ನ ಯಾವ ಮಟ್ಟಕ್ಕ ಕತ್ತರಸ್ಲಿ ಹೇಳು."

ಇದುವರೆಗೆ ಯಾವ ವಿದ್ವಾಂಸನೂ ಆ ದಂಪತಿಯನ್ನು ಇಷ್ಟು ನೇರವಾಗಿ ಮಾತಾಡಿಸಿದ್ದಿಲ್ಲ.

ಕೊಟ್ಟೂರಿನಲ್ಲಿ ಆಗದ ಕೆಲಸಕ್ಕೆ ಹರಪನಹಳ್ಳಿ ಇದೆ. ಆ ಊರಿನ ಭಟ್ಟಿಯವರಿಗೂ ಕೊಟ್ಟೂರಿನವರಿಗೂ ಮಂಡಕ್ಕಿಯ ವಿಷಯದಲ್ಲಿ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮರುಳಪ್ಪ ಬಸ್ಸಿನಲ್ಲಿ ತೂಗುತ್ತ, ತೂಕಡಿಸುತ್ತ ಅಲ್ಲಿಗೆ ಹೋಗಿ ಭಟ್ಟಿ ಸುಂಕಪ್ಪನನ್ನು ಕಂಡ. ಸುಂಕಪ್ಪ ಮಾತು ಮುಗಿಯುವ ತನಕ ಕಾಯಲಿಲ್ಲ.

"ನಿಮ್ಮ ಕೊಟ್ಟೂರು ಮರಳು ಬಿಸಿ ಅಂತ ಯಾವೋನು ಬರ್ದಾನೆ?" ಅಂದ. "ಅದು ಬರೇ ಉಗುರುಬೆಚ್ಚಗೆ ಐತೆ. ಬಿಸಿ ಅಂದ್ರೆ ನಮ್ದು. ಎಲ್ಲಿ ಹೇಳ್ಬೇಕು, ಯಾರಿಗೆ ಹೇಳ್ಬೇಕು, ಹೇಳು. ಹತ್ತು ಮಂದಿ ಕಟ್ಕೊಂಡು ಬತ್ತೀನಿ."

ಮರುಳಪ್ಪ ಅಲ್ಲೇ ಭಟ್ಟಿಯ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಎದುರುವಾದ ಸಿಕ್ಕಿತು. ತಿರುಗಿ ಬರುವಾಗ ಬಸ್ಸಿನ ಕಿಟಕಿಯಾಚೆ ಮೋಡಗಳು ತೇಲುತ್ತಿದ್ದವು, ಬೆಳ್ಳಗೆ, ಉಬ್ಬಿದ ಮಂಡಕ್ಕಿಯ ಹಾಗೆ. ಅವುಗಳ ಮೇಲೆ ಕಾಕ ಹಿದರ್ಟು ಕೋಲು ಊರಿ ನಡೆಯುತ್ತಿದ್ದ. ಒಂದೇ ಒಂದು ಸಂಗತಿ ಅವನ ತಲೆಗೆ ಬರಲಿಲ್ಲ. ಹರಪನಹಳ್ಳಿಯವರು ಕೊಟ್ಟೂರಿನ ನಡುಬೀದಿಗೆ ಬಂದು ಕೊಟ್ಟೂರಿನ ಮರಳನ್ನು ಉಗುರುಬೆಚ್ಚಗೆ ಅಂದರೆ ಏನಾಗಬಹುದು ಎಂಬುದು.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಭಟ್ಟಿ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಟೆಂಪೋದಲ್ಲಿ ಸುಂಕಪ್ಪನ ಕಡೆಯವರು ಹನ್ನೊಂದು ಮಂದಿ ಬಂದಿಳಿದಿದ್ದರು. ಎದುರಿಗೆ ಕೊಟ್ಟೂರಿನವರು ತೋಳು ಕಟ್ಟಿ ನಿಂತಿದ್ದರು. ಗಾದೆಪ್ಪ ಎರಡೂ ಕಡೆಗೆ ಚಹಾ ಕೊಡುತ್ತ ನಡುವೆ ಓಡಾಡುತ್ತಿದ್ದ. ಅಂಜಿನಕ್ಕ ತನ್ನ ಮೂವರು ಮಕ್ಕಳನ್ನು ಕರೆತಂದು ಎತ್ತರದ ಪ್ರಕಾರ ಗೋಡೆಗೆ ನಿಲ್ಲಿಸಿದ್ದಳು. ದೊಡ್ಡವನಿಗೆ ಮೀಸೆ ಬಂದು ಮದುವೆಯಾಗಿತ್ತು. ಅವನು ಟವೆಲು ಮುಖಕ್ಕೆ ಹಿಡಿದು ನಿಂತಿದ್ದ. ಎರ್ರಮ್ಮ ತಮ್ಮನ ಪಕ್ಕದಲ್ಲಿದ್ದಳು. ಅವಳು ಗಂಡನ ಕಡೆ ನೋಡುತ್ತಿರಲಿಲ್ಲ.

ಪ್ರೊಫೆಸರು ಕಾರಿನಿಂದ ಇಳಿದರು. ಎಪ್ಪತ್ತರ ಹತ್ತಿರದ ಮೃದು ಮನುಷ್ಯ, ಕೈಯಲ್ಲೊಂದು ಕೊಡೆ, ಕಣ್ಣು ಸದಾ ಅರೆ ಮುಚ್ಚಿದ್ದು. ಕೇಳಿಸಿಕೊಳ್ಳುತ್ತಿದ್ದಾರೋ ನಿದ್ದೆಯಲ್ಲಿದ್ದಾರೋ ಗೊತ್ತಾಗುವಂತಿರಲಿಲ್ಲ. ಪ್ರವೀಣಕುಮಾರ್ ಹೊತ್ತು ತಂದ ಥೀಸಿಸ್ಸನ್ನು ಅವರು ಮುಟ್ಟಲಿಲ್ಲ. ಗೋಣಿಚೀಲದ ಮೇಲೆ ಕೂತು, ಭಟ್ಟಿಯ ಬೆಂಕಿ ನೋಡುತ್ತ, ಎದುರುವಾದ ಯಾರದು ಎಂದು ಕೇಳಿದರು.

ಸುಂಕಪ್ಪ ಮುಂದೆ ಬಂದು, ಈ ಮರಳು ಬಿಸಿಯಲ್ಲ ಎಂದು ಗಟ್ಟಿಯಾಗಿ ಸಾರಿದ. ಕೊಟ್ಟೂರಿನ ಕಡೆಯಿಂದ ಒಂದು ಗುಡುಗು ಎದ್ದಿತು. ಅಂಜಿನಕ್ಕ ಕೈ ಎತ್ತಿದ ಕೂಡಲೇ ಅದು ಅಡಗಿತು. ಅವಳು ಬಾಣಲೆಯ ಅಂಚಿಗೆ ಕಟ್ಟಿಗೆ ಸೌಟು ಬಡಿದಳು.

"ಬಿಸಿ ಅಲ್ಲ ಅನ್ನಾವ ಕೈ ಇಡ್ಲಿ," ಅಂದಳು.

ಸುಂಕಪ್ಪ ಬಾಣಲೆ ನೋಡಿದ. ಮರಳು ಸದ್ದಿಲ್ಲದೆ ಮಿಣುಗುತ್ತಿತ್ತು. "ನಾನು ಬಂದಿರೋನು," ಅಂದ. "ಕರ್ಕೊಂಡು ಬಂದೋನು ಮರುಳಪ್ಪ. ಅವನೇ ಇಡ್ಲಿ."

ಎರಡೂ ಊರು ಮೊದಲ ಸಲ ಒಂದು ಮಾತಿಗೆ ಒಪ್ಪಿದವು. ಎಲ್ಲರೂ ಮರುಳಪ್ಪನ ಕಡೆ ತಿರುಗಿದರು.

ಮರುಳಪ್ಪ ಪ್ರವೀಣಕುಮಾರನ ಮುಖ ನೋಡಿದ. ಹುಡುಗ ತಲೆ ಅಲ್ಲಾಡಿಸಿ ಬೇಡವೆಂದ. ಆದರೆ ಎದುರುವಾದ ಇಲ್ಲವೆಂದರೆ ಥೀಸಿಸ್ಸು ಉಳಿಯದು, ಥೀಸಿಸ್ಸು ಉಳಿಯದಿದ್ದರೆ ಹುಡುಗ ಉಳಿಯ. ಮರುಳಪ್ಪ ಭಟ್ಟಿಯ ಹತ್ತಿರ ನಡೆದ. ಹೊಗೆ ಅವನನ್ನು ಒಳಗೆ ತೆಗೆದುಕೊಂಡಿತು. ಆ ಹೊಗೆಯೊಳಗೆ ಎಲ್ಲರೂ ನಿಂತಿದ್ದರು, ಕಾಕ, ಗೌಡರು, ಕರಿ ಕನ್ನಡಕದ ಅಳಿಯ. ಮುದಿ ದಂಪತಿ ಬಾಣಲೆಯ ಆಚೆ ಬದಿಗೆ ಕೂತು ಕರುಣೆಯಿಂದ ನೋಡುತ್ತಿದ್ದರು. ಒಂದು ಮಟ್ಟಿಗೆ ಅಷ್ಟೇ, ಹೆದರಬೇಡ, ಅನ್ನುವ ಹಾಗಿತ್ತು ಅವರ ಮುಖ. ಮರುಳಪ್ಪ ಬಲಗೈಯ ತೋರುಬೆರಳು, ಇಪ್ಪತ್ತೈದು ವರ್ಷ ಇಂಗ್ಲಿಷ್ ಒತ್ತಿದ ಬೆರಳು, ಮರಳಿಗೆ ಇಟ್ಟ.

ಮರುಕ್ಷಣ ಹೊಗೆಯಲ್ಲಿ ಯಾರೂ ಇರಲಿಲ್ಲ. ಬೆರಳೊಂದೇ ಇತ್ತು.

"ಬಿಸಿ ಐತ್ರಿ," ಅಂದ ಮರುಳಪ್ಪ. ಅವನಿಗೆ ಅವನ ದನಿಯೇ ಹೊಸದಾಗಿ ಕೇಳಿಸಿತು. "ಸಾಹೇಬ್ರ, ಮರಳು ಬಿಸಿ ಐತಿ. ಹುಡುಗ ಹಂಗಾ ಬರದಿದ್ದ. ವಾದ ಗೀದ ಎಲ್ಲ ಸೇರಿಸಿದಾವ ನಾನು. ಮುನ್ನೂರ ಹದಿನೆಂಟೂ ನಂದಾ. ಬರಿಮೈಯಾಗ ಹೊಂಟಾನಲ್ಲ ಅಂತ ಅಂಗಿ ತೊಡಿಸೀನಿ. ಅವನ್ನ ಬಿಟ್ಟುಬಿಡ್ರಿ."

ಎರ್ರಮ್ಮ ಸೆರಗು ಹರಿದು ಬಾವಿಯ ನೀರಿನಲ್ಲಿ ತೋಯಿಸಿ ಬಂದು ಗಂಡನ ಬೆರಳಿಗೆ ಸುತ್ತಿದಳು. ಪ್ರವೀಣಕುಮಾರ್ ನೆಲ ನೋಡುತ್ತ ನಿಂತ. ಪ್ರೊಫೆಸರ ಕಣ್ಣು ಪೂರ್ತಿ ಮುಚ್ಚಿಕೊಂಡವು, ಮತ್ತೆ ಅರ್ಧ ತೆರೆದವು. ಹಾಗಾದರೆ ಎದುರುವಾದವೇ ಇಲ್ಲವೆಂದಾಯಿತು, ಎಂದು ಅವರು ನಿಧಾನವಾಗಿ ಕೊಡೆ ಎತ್ತಿಕೊಂಡರು. ಮುನ್ನೂರ ಹದಿನೆಂಟು ಸುಳ್ಳಿರುವ ಪ್ರಬಂಧವನ್ನು ತಾವು ಒಪ್ಪುವಂತಿಲ್ಲ, ಎಂದು ಹೇಳುವವರೇ ಇದ್ದರು. ಬಾಯಿ ತೆರೆದೂ ಇದ್ದರು.

ಆಗ ಬಾಣಲೆಯ ಇನ್ನೊಂದು ಬದಿಯಿಂದ ಗೀತಮ್ಮ ಮಾತಾಡಿದಳು. ಅಂಜಿನಕ್ಕನ ಜೊತೆ ಹದಿನೈದು ವರ್ಷದಿಂದ ಅದೇ ಬಾಣಲೆಗೆ ನಿಂತವಳು, ಮಿತ ಮಾತಿನವಳು. ಅವಳು ನೋಡುತ್ತಿದ್ದದ್ದು ಮರುಳಪ್ಪನನ್ನಲ್ಲ, ಮರಳನ್ನು.

"ಕಾದಿಲ್ಲ ಇನ್ನಾ," ಅಂದಳು.

"ಕಾದೈತಿ," ಅಂದಳು ಅಂಜಿನಕ್ಕ, ತಿರುಗಿ ಕೂಡ ನೋಡದೆ.

"ಕಾದಿದ್ರ ಇವನ ಬೆರಳು ಬರೇ ಬೊಬ್ಬಿ ಬರ್ತಿತ್ತೇನು? ಅಳ್ಳಿನಂಗ ಅರಳಿರ್ತಿತ್ತು."

"ನಿನಗ ಯಾವತ್ತು ಕಾದೈತಿ ಹೇಳು. ನಿನ್ನಿನೂ ಹಿಂಗಾ ಅಂದಿ, ಒಂದು ಬಾಣಲಿ ಅಕ್ಕಿ ಸೀದು ಹೋತು."

"ಮೊನ್ನಿ ನೀ ಕಾದೈತಿ ಅಂದಿ, ಮಂಡಕ್ಕಿ ಎಲ್ಲಾ ಗಟ್ಟಿ ಬಿದ್ದು ಕೋಳಿಗೆ ಹಾಕಿದ್ವಿ."

ಪ್ರೊಫೆಸರು ಮತ್ತೆ ಕೂತರು. ಇದು ದಿನಾ ನಡೆಯುತ್ತದೆಯೇ ಎಂದು ಕೇಳಿದರು. ದಿನಾ ಬೆಳಗ್ಗೆ, ಎಂದು ಓಣಿಯೆಲ್ಲ ಒಂದೇ ದನಿಯಲ್ಲಿ ಹೇಳಿತು. ಹರಪನಹಳ್ಳಿಯ ಸುಂಕಪ್ಪ ಕೂಡ ತಲೆದೂಗಿದ. ತಮ್ಮ ಭಟ್ಟಿಯಲ್ಲೂ ಹಾಗೇ, ಇಬ್ಬರು ಹೆಂಗಸರು ಮರಳಿನ ಮೇಲೆ ಜಗಳವಾಡದೆ ಒಂದು ಹಿಡಿ ಅಕ್ಕಿ ಬಾಣಲೆಗೆ ಬಿದ್ದದ್ದೇ ಇಲ್ಲ, ಒಬ್ಬಳೇ ಇದ್ದ ದಿನ ಮಂಡಕ್ಕಿ ಕೆಡುತ್ತದೆ, ಎಂದ. ಅಂಜಿನಕ್ಕ ಅಷ್ಟರಲ್ಲಿ ನಾಕು ಕಾಳು ಚೆಲ್ಲಿದ್ದಳು. ನಾಕರಲ್ಲಿ ಮೂರು ಅರಳಿದವು, ಒಂದು ಹಾಗೇ ಉಳಿಯಿತು. ಇಬ್ಬರೂ ಆ ಒಂದನ್ನು ಬಗ್ಗಿ ನೋಡಿದರು.

"ಒಂದು ಮಟ್ಟಿಗೆ ಕಾದೈತಿ," ಅಂದಳು ಅಂಜಿನಕ್ಕ.

ಪ್ರೊಫೆಸರ ಕಣ್ಣು ಪೂರ್ತಿ ತೆರೆದದ್ದನ್ನು ಕೊಟ್ಟೂರಿನವರು ಕಂಡದ್ದು ಅವತ್ತೇ. ಪ್ರವೀಣಕುಮಾರನನ್ನು ಹತ್ತಿರ ಕರೆದು, ಆರು ತಿಂಗಳು ಇಲ್ಲಿ ಕೂತವರು ಇದನ್ನು ಕೇಳಿರಲಿಲ್ಲವೇ ಎಂದು ವಿಚಾರಿಸಿದರು. ದಿನಾ ಕೇಳಿದ್ದೆ, ಇಬ್ಬರು ಹೆಂಗಸರ ಜಗಳ ಅಂತ ಬರೆದುಕೊಳ್ಳಲಿಲ್ಲ, ಎಂದು ಹುಡುಗ ನಿಜ ಹೇಳಿದ.

"ನೀವು ಕಂಡದ್ದನ್ನು ಬರೆದಿದ್ದೀರಿ, ಕೇಳಿದ್ದನ್ನು ಬಿಟ್ಟಿದ್ದೀರಿ," ಅಂದರು ಪ್ರೊಫೆಸರು. "ಇವರು ಏನೂ ಕಾಣದೆ, ಏನೂ ಕೇಳದೆ ಮುನ್ನೂರ ಹದಿನೆಂಟು ಸಲ ಬರೆದು, ಒಂದು ಕಡೆ ಸರಿ ಹೊಡೆದಿದ್ದಾರೆ. ಮುನ್ನೂರ ಹದಿನೇಳನ್ನು ತೆಗೆದು ತನ್ನಿ. ಮರಳಿನದು ಇರಲಿ, ಅದರ ಕೆಳಗೆ ಈ ಇಬ್ಬರ ಜಗಳ ಪೂರ್ತಿ ಬರಲಿ. ತಿಂಗಳೊಳಗೆ ತಂದರೆ ಸಹಿ ಹಾಕುತ್ತೇನೆ."

ಹೊರಡುವ ಮೊದಲು ಅಂಜಿನಕ್ಕ ಅವರನ್ನು ಗೋಡೆಯ ಹತ್ತಿರ ಕರೆದೊಯ್ದು ಮೂವರು ಮಕ್ಕಳನ್ನೂ ಎಣಿಸಿಕೊಳ್ಳಲು ಹೇಳಿದಳು. ಅವರು ಬೆರಳು ಮಡಿಸಿ ಎಣಿಸಿ, ಇದರಲ್ಲಿ ವಾದವಿಲ್ಲ ಎಂದು ಒಪ್ಪಿಕೊಂಡರು. ಟವೆಲಿನ ಹಿಂದಿದ್ದ ದೊಡ್ಡವನಿಗೆ ಆಮೇಲಷ್ಟೇ ಬಿಡುಗಡೆಯಾಯಿತು.

ಇನ್ನು ಉಳಿದದ್ದು ಮರುಳಪ್ಪನ ಪಾಲಿನ ಕೆಲಸ. ಅದಕ್ಕೆ ಅವನನ್ನು ಯಾರೂ ಹಚ್ಚಬೇಕಾಗಲಿಲ್ಲ. ಮಾರನೇ ದಿನವೇ ಮಷಿನ್ನಿನ ಮುಸುಕು ತೆಗೆದ. ತೋರುಬೆರಳಿಗೆ ಬಟ್ಟೆ ಸುತ್ತಿತ್ತು, ಒಂಬತ್ತು ಬೆರಳಿನಲ್ಲಿ ಹೊಡೆಯತೊಡಗಿದ. ತೊಡಿಸಿದ್ದಕ್ಕಿಂತ ಬಿಚ್ಚುವುದು ಕಷ್ಟದ ಕೆಲಸ. ಒಂದೊಂದು ಸಾಲಿನಿಂದಲೂ ಹಿರಿಯರನ್ನು ಎಬ್ಬಿಸಿ, ಕೈಮುಗಿದು, ಬಾಗಿಲವರೆಗೆ ಬಿಟ್ಟು ಬರಬೇಕು. ಕಾಕ ಕೋಲು ಊರಿಕೊಂಡು ಉಜ್ಜಿನಿಯ ದಾರಿ ಹಿಡಿದ. ಗೌಡರು ರುಮಾಲು ಬಗ್ಗಿಸಿ ಹೊರಬಿದ್ದರು. ಅಳಿಯ ಹೋದದ್ದು ಗೊತ್ತೇ ಆಗಲಿಲ್ಲ, ಕುರ್ಚಿ ಮಾತ್ರ ಖಾಲಿ ಕಂಡಿತು. ಹೆಂಗಸರು ಬೆಳಗ್ಗೆ ಐದಕ್ಕೆ ಬರುತ್ತಾರೆ. ಹೊಗೆಯಿಂದ ಕಣ್ಣು ಉರಿಯುತ್ತವೆ. ಅಂಜಿನಕ್ಕನಿಗೆ ಮೂವರು ಮಕ್ಕಳು. ಓಣಿಯ ಹೊಗೆ ಬಂದು ಆ ಸಾಲುಗಳ ಮೇಲೆ ಕೂತು ಹೋಯಿತು. ಮರುಳಪ್ಪನಿಗೆ ಮೊದಲ ಸಲ ತಾನು ಹೊಡೆದದ್ದು ಪೂರ್ತಿ ಅರ್ಥವಾಗುತ್ತಿತ್ತು. ಅದು ಒಂದು ತರಹದ ಭಯವನ್ನೂ ತಂದಿತು.

ಹದಿನೆಂಟನೇ ದಿನ, ಕಡೆಗೆಂದು ಉಳಿಸಿಕೊಂಡಿದ್ದ ಮೊದಲ ಪುಟದ ಮರಳಿನ ಸಾಲು ಬಂತು. ಪ್ರೊಫೆಸರು ಇರಲಿ ಎಂದ ಒಂದೇ ಕಡೆ. ಮುದಿ ದಂಪತಿಯನ್ನು ಅವನು ಬಹಳ ಮರ್ಯಾದೆಯಿಂದ ಕೂಡಿಸಿದ: ಮರಳು, ಒಂದು ಮಟ್ಟಿಗೆ, ಬಿಸಿ ಇರುತ್ತದೆ ಎಂದು ವಾದಿಸಬಹುದು. ಅದರ ಕೆಳಗೆ ಗೀತಮ್ಮ ಅಂಜಿನಕ್ಕನ ಜಗಳ, ಅಕ್ಷರ ಬಿಡದೆ. ಮುಗಿಸಿ ಹಾಳೆ ತೆಗೆಯಬೇಕು, ಬಟ್ಟೆಯೊಳಗಿನ ಬೆರಳು ಚುರುಗುಟ್ಟಿತು. ಅವನು ಹಾಳೆ ತೆಗೆಯಲಿಲ್ಲ. ರೋಲರನ್ನು ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ, 'ಬಿಸಿ' ಎಂಬ ಶಬ್ದದ ನೆತ್ತಿಯ ಮೇಲೆ ಸಣ್ಣದೊಂದು ನಕ್ಷತ್ರ ಇಟ್ಟ. ಪುಟದ ತಳಕ್ಕೆ ಹೋಗಿ ಇನ್ನೊಂದು ನಕ್ಷತ್ರ ಇಟ್ಟು, ತನ್ನ ಸ್ವಂತ ಇಂಗ್ಲಿಷಿನಲ್ಲಿ ಒಂದು ಟಿಪ್ಪಣಿ ಹೊಡೆದ. ನಾಕು ಕಾರ್ಬನ್ ಪ್ರತಿಗೂ ಅದು ಇಳಿಯಿತು.

ಜೂನ್ ಎರಡನೇ ವಾರ ಪ್ರವೀಣಕುಮಾರ್ ಬಂದ. ಡಾಕ್ಟರೇಟು ಬಂದಿತ್ತು, ಕಾಲೇಜಿನವರು ಕಾಯಂ ಕಾಗದ ಕೊಟ್ಟಿದ್ದರು. ಮಾವನ ಕಾಲಿಗೆ ಬಿದ್ದು, ಕೆಂಪು ರಟ್ಟಿನ, ಬಂಗಾರದ ಅಕ್ಷರದ ಥೀಸಿಸ್ಸನ್ನು ಎರ್ರಮ್ಮನ ಕೈಗೆ ಕೊಟ್ಟ. ಇದು ಪರೀಕ್ಷಕರ ಕೈಲಿದ್ದ ಪ್ರತಿ, ಅವರೇ ಕಳಿಸಿದ್ದು, ಮೊದಲನೇ ಪುಟ ನೋಡಬೇಕಂತೆ, ಎಂದ.

ಮೊದಲನೇ ಪುಟದ ತಳದಲ್ಲಿ ಮರುಳಪ್ಪನ ನಕ್ಷತ್ರ ಇದ್ದಲ್ಲೇ ಇತ್ತು. ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಸರಿ ಗುರುತು. ಎರ್ರಮ್ಮ ಆ ಸಾಲಿನ ಮೇಲೆ ಬೆರಳಿಟ್ಟು, ಏನು ಬರೆದೈತಿ ಓದ್ರಿ ಅಂದಳು.

"ಹ್ಯಾಂಡ್ ಕೆಪ್ಟ್ ಅಂಡ್ ಸೀನ್. ಇಟ್ ಈಸ್ ಹಾಟ್," ಎಂದು ಮರುಳಪ್ಪ ಓದಿದ. ಆಮೇಲೆ ಕನ್ನಡದಲ್ಲಿ ಹೇಳಿದ, "ಕೈ ಇಟ್ಟು ನೋಡೀನಿ. ಬಿಸಿ ಐತಿ."

ಎರ್ರಮ್ಮ ಗಂಡನ ಬೆರಳಿನ ಬೆಳ್ಳಗಿನ ಕಲೆಯನ್ನೂ ಪುಟವನ್ನೂ ಒಂದಾದ ಮೇಲೊಂದು ನೋಡಿದಳು.

"ಇದು ಯಾವ ಒಡಪು?" ಅಂದಳು.

"ಒಡಪಲ್ಲ," ಅಂದ ಮರುಳಪ್ಪ. "ಬರೇ ಹೆಸರು."